ಸಲಹಾ ಸಂಸ್ಥೆಯ ಕೆಲಸ: ಸಹಿಗೆ ಮುನ್ನ ನೇಮಕಾತಿ ಪತ್ರ ಓದುವುದು ಹೇಗೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬೀಳುವ ಹೊತ್ತಿಗೆ ತುಮಕೂರಿನಲ್ಲಿ ಪ್ರೌಢಶಾಲಾ ಮಕ್ಕಳಿಗೆ ಕಾಲೇಜು, ಕೋರ್ಸು ಸೂಚಿಸುವ ಸಲಹಾ ಸಂಸ್ಥೆಗಳು ಹೊಸ ಪದವೀಧರರನ್ನು ‘ಕೌನ್ಸೆಲರ್’ ಕೆಲಸಕ್ಕೆ ಕರೆಯುತ್ತವೆ. ಸಂಬಳದ ಅಂಕಿಯೊಂದನ್ನೇ ನೋಡಿ ಸಹಿ ಹಾಕಿ, ಸೀಸನ್ ಮುಗಿದ ಮೇಲೆ ಕೈಕೈ ಹಿಸುಕಿಕೊಂಡವರನ್ನು ಬಹಳ ಕಂಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ಮೊದಲ ಹಂತ, ಪತ್ರವನ್ನು ಕೇಳಿ ಪಡೆಯುವುದು. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961ರಂತೆ ಹುದ್ದೆ, ವೇತನ ಮತ್ತು ಷರತ್ತುಗಳನ್ನು ನಮೂದಿಸಿದ ಲಿಖಿತ ಆದೇಶವನ್ನು ಮಾಲೀಕರು ನೇಮಕವಾದ 30 ದಿನಗಳೊಳಗೆ ಕೊಡಬೇಕು. ವಾಟ್ಸ್‌ಆ್ಯಪ್ ಸಂದೇಶವನ್ನೇ ಪತ್ರವೆಂದುಕೊಳ್ಳಬೇಡಿ.

ಎರಡನೆಯದು ವೇತನವನ್ನು ಬಿಡಿಸಿ ನೋಡುವುದು. ಎಲ್ಲರೂ ಎಡವುವುದು ಇಲ್ಲಿಯೇ. ‘ತಿಂಗಳಿಗೆ 25,000’ ಎಂಬುದರಲ್ಲಿ 14,000 ಸ್ಥಿರ ವೇತನವಾಗಿದ್ದು, ಉಳಿದ 11,000 ದಾಖಲಾತಿಯ ಗುರಿ, ಅಂದರೆ ಇಂತಿಷ್ಟು ಮಕ್ಕಳನ್ನು ಸೇರಿಸಬೇಕೆಂಬ ಲೆಕ್ಕ, ಮುಟ್ಟಿದರೆ ಮಾತ್ರ ಬರುವ ಹಣವಾಗಿರಬಹುದು. ದಾಖಲಾತಿಯ ಭರಾಟೆ ಏಪ್ರಿಲ್‌ನಿಂದ ಜುಲೈವರೆಗಿನದು. ಮನೆ ಬಾಡಿಗೆಯಾದರೋ ಹನ್ನೆರಡು ತಿಂಗಳೂ ಕಟ್ಟಬೇಕಾದದ್ದು. ಆದ್ದರಿಂದ ಸ್ಥಿರ ವೇತನವನ್ನಷ್ಟೇ ಸಂಬಳವೆಂದು ಲೆಕ್ಕ ಹಾಕಿ. ಆ ಮೇಲೆ ಕೇಳಿ: ಯಾವ ತಿಂಗಳಿಗೆ ಎಷ್ಟು ಗುರಿ? ದಾಖಲಾತಿ ನಿಮ್ಮ ಹೆಸರಿಗೆ ಸೇರುವುದು ಅರ್ಜಿ ತುಂಬಿದಾಗಲೋ, ಮೊದಲ ಕಂತು ಬಂದಾಗಲೋ, ಪೂರ್ತಿ ಶುಲ್ಕ ಸಂದಾಯವಾದಾಗಲೋ? ಪೋಷಕರು ಹಣ ವಾಪಸ್ ಪಡೆದರೆ ನಿಮಗೆ ಆಗಲೇ ಕೊಟ್ಟ ಪ್ರೋತ್ಸಾಹಧನವನ್ನು ಮುರಿದುಕೊಳ್ಳುತ್ತಾರೆಯೇ? ಈ ಕೊನೆಯದನ್ನು ಕೇಳದೆ ಸೇರಿದ್ದ ನನಗೆ ಆಗಸ್ಟ್‌ನಲ್ಲಿ ಕೈಗೆ ಬಂದದ್ದು ಅರ್ಧ ಸಂಬಳ. ಗುರಿಯೊಳಗೆ ಒಂಬತ್ತನೇ ತರಗತಿ ಮಕ್ಕಳ ಕೋಚಿಂಗ್ ದಾಖಲಾತಿಯೂ ಅಡಗಿದೆಯೇ ನೋಡಿ. 16 ವರ್ಷದೊಳಗಿನವರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದೆಂದು ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಮಾರ್ಗಸೂಚಿ ಹೇಳುತ್ತದೆ. ಭವಿಷ್ಯನಿಧಿ (ಪಿಎಫ್) ಕಡಿತವಿದ್ದರೆ ಆ ಹಣ ಖಾತೆಗೆ ಜಮೆಯಾಗಿದೆಯೇ ಎಂದು ಪಿಎಫ್ ಪಾಸ್‌ಬುಕ್‌ನಲ್ಲಿ ತಿಂಗಳು ತಿಂಗಳೂ ನೋಡಿ, ಸಂಬಳದ ಚೀಟಿಯನ್ನು ನಂಬಿ ಕೂರಬೇಡಿ.

ಮೂರನೆಯದು ಕೆಲಸದ ಅವಧಿ. ಅದೇ ಅಧಿನಿಯಮದಂತೆ ಸಾಮಾನ್ಯ ಮಿತಿ ದಿನಕ್ಕೆ 9, ವಾರಕ್ಕೆ 48 ಗಂಟೆ. ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ವೇತನ. ವಾರಕ್ಕೊಂದು ದಿನ ರಜೆ. ಪೋಷಕರು ಬರುವುದೇ ಭಾನುವಾರವಾದ್ದರಿಂದ ಬದಲಿ ರಜೆ ಯಾವ ದಿನವೆಂಬುದನ್ನು ಪತ್ರದಲ್ಲಿಯೇ ಬರೆಸಿ. ಮಧುಗಿರಿ, ಶಿರಾ, ಪಾವಗಡದ ಶಾಲೆಗಳಿಗೆ ಕಳಿಸುವುದಾದರೆ ಪ್ರಯಾಣದ ಹೊತ್ತು ದುಡಿಮೆಗೆ ಸೇರುತ್ತದೆಯೇ, ಬಸ್ ಖರ್ಚು ಯಾರದು ಎಂಬುದೂ ಅಲ್ಲಿರಲಿ. ಸ್ವಂತ ಫೋನಿನಲ್ಲಿ ಹಾಕಿಸುವ ಹಾಜರಾತಿ ಆ್ಯಪ್‌ಗಳ ಬಗ್ಗೆ ನನಗೆ ಕಿಂಚಿತ್ತೂ ಒಲವಿಲ್ಲ: ನೆಟ್‌ವರ್ಕ್ ಸಿಗದ ಹಳ್ಳಿಯಲ್ಲಿ ದಿನವಿಡೀ ದುಡಿದರೂ ಅದು ಗೈರುಹಾಜರಿ ತೋರಿಸಬಲ್ಲದು. ಅನಿವಾರ್ಯವಾದರೆ ಶಾಲೆಯ ಮುಖ್ಯೋಪಾಧ್ಯಾಯರಿಂದ ದಿನಾಂಕಸಹಿತ ಸಹಿ ಪಡೆದಿಟ್ಟುಕೊಳ್ಳಿ.

ಮೂಲ ಅಂಕಪಟ್ಟಿಯನ್ನು ಯಾರಿಗೂ ಒಪ್ಪಿಸಬೇಡಿ; ತೋರಿಸಿ, ನಕಲು ಕೊಟ್ಟು ವಾಪಸ್ ತನ್ನಿ. ಎರಡು ವರ್ಷ ಬಿಡುವಂತಿಲ್ಲವೆಂಬ ಛಾಪಾ ಕಾಗದದ ಕರಾರು ಮುಂದಿಟ್ಟರೆ ಅಲ್ಲಿಯೇ ಸಹಿ ಮಾಡದೆ, ಮನೆಗೆ ತಂದು ಒಂದು ರಾತ್ರಿ ಓದಿ. ಒಪ್ಪಿಗೆಯಾದ ಮೇಲೆ ಪ್ರತಿ ಪುಟಕ್ಕೂ ಇಬ್ಬರ ಸಹಿ ಬೀಳಲಿ, ಒಂದು ಪ್ರತಿ ಅದೇ ದಿನ ನಿಮ್ಮ ಚೀಲಕ್ಕೆ ಸೇರಲಿ.