ಡಿಗ್ರಿ ಆನ್‌ಲೈನ್, ಕೊನೇ 700 ಗಂಟೆ ಅಲ್ಲ: ಅಮೆರಿಕದಲ್ಲಿ ಕೌನ್ಸೆಲಿಂಗ್ ಮಾಸ್ಟರ್ಸ್ ಮಾಡೋದು ಹೇಗೆ

ಡಲ್ಲಾಸ್ ಕಡೆ ಯುಗಾದಿ ಊಟಕ್ಕೋ ರಾಜ್ಯೋತ್ಸವಕ್ಕೋ ಹೋದಾಗೆಲ್ಲ ಒಬ್ರಾದ್ರೂ ಪಕ್ಕಕ್ಕೆ ಕರ್ದು ಕೇಳೇ ಕೇಳ್ತಾರೆ, "ಅಕ್ಕಾ, ಮಕ್ಳು ಸ್ವಲ್ಪ ದೊಡ್ಡೋರಾದ್ರು, ಮೆಂಟಲ್ ಹೆಲ್ತ್ ಕೌನ್ಸೆಲಿಂಗಲ್ಲಿ ಮಾಸ್ಟರ್ಸ್ ಮಾಡೋಣ ಅಂತಿದೀನಿ, ಆನ್‌ಲೈನಲ್ಲಿ ಆಗತ್ತಾ?" ಅಂತ. ಆಗತ್ತೆ, ನಾನು ಮಾಡಿದ್ದೂ ಹಾಗೇ. ಆದ್ರೆ ಕ್ಲಾಸೆಲ್ಲ ಚೆನ್ನಾಗಿ ಮುಗ್ಸಿ, ಒಳ್ಳೆ ಗ್ರೇಡ್ ತಗೊಂಡು, ಕೊನೇಲಿ ಪ್ರಾಕ್ಟಿಕಮ್ (ಸೂಪರ್‌ವೈಸರ್ ಕೈಕೆಳಗೆ ಕ್ಲೈಂಟ್‌ಗಳನ್ನ ನೋಡಿ ಕಲಿಯೋದು) ಮಾಡೋಕೆ ಜಾಗ ಸಿಗ್ದೆ ಎರಡೆರಡು ಸೆಮಿಸ್ಟರ್ ಸುಮ್ನೆ ಕೂತೋರನ್ನ ನೋಡಿ ನೋಡಿ ನಂಗೆ ಸಂಕಟ ಆಗಿದೆ. 100 ಗಂಟೆ ಪ್ರಾಕ್ಟಿಕಮ್, 600 ಗಂಟೆ ಇಂಟರ್ನ್‌ಶಿಪ್, ಇವು ನಿಜವಾದ ಜಾಗದಲ್ಲಿ ನಿಜವಾದ ಜನರ ಜೊತೆ ಆಗ್ಬೇಕು. ಅದಕ್ಕೇ ಈ ಡಿಗ್ರಿನ ಕೊನೇಯಿಂದ ಶುರು ಮಾಡಿ ಹಿಂದಕ್ಕೆ ಪ್ಲಾನ್ ಮಾಡಿ ಅಂತ ನಾನು ಹೇಳೋದು.

1. ಮೊದ್ಲು ನಿಮ್ಮ ರಾಜ್ಯದ ಬೋರ್ಡ್, ಆಮೇಲೆ ಯೂನಿವರ್ಸಿಟಿ

ಇಲ್ಲಿ ಕೌನ್ಸೆಲರ್ ಲೈಸೆನ್ಸ್ ಕೊಡೋದು ಆಯಾ ರಾಜ್ಯದ ಬೋರ್ಡ್. ಟೆಕ್ಸಾಸಲ್ಲಿ ಎಲ್‌ಪಿಸಿ, ನ್ಯೂಯಾರ್ಕಲ್ಲಿ ಎಲ್‌ಎಂಎಚ್‌ಸಿ, ಕ್ಯಾಲಿಫೋರ್ನಿಯಾದಲ್ಲಿ ಎಲ್‌ಪಿಸಿಸಿ, ಹೆಸರೂ ಬೇರೆ, ಕೇಳೋ ಕೋರ್ಸೂ ಸ್ವಲ್ಪ ಬೇರೆ ಬೇರೆ. ಬೋರ್ಡಿನ ನಿಯಮ ಪ್ರಿಂಟ್ ತಗೊಂಡು ಪೆನ್ನಲ್ಲಿ ಗೆರೆ ಎಳ್ಕೊಂಡು ಓದಿ. ಆಮೇಲೆ ಯೂನಿವರ್ಸಿಟಿ ವೆಬ್‌ಸೈಟಲ್ಲಿ ಈ ಡಿಗ್ರಿ ಯಾವ ಯಾವ ರಾಜ್ಯದ ಲೈಸೆನ್ಸಿಗೆ ಆಗತ್ತೆ ಅನ್ನೋ ಪಟ್ಟಿ ಇರತ್ತೆ, ಅದ್ರಲ್ಲಿ ನಿಮ್ಮ ರಾಜ್ಯ ಇಲ್ದಿದ್ರೆ ಎಷ್ಟೇ ದೊಡ್ಡ ಹೆಸರಿದ್ರೂ ಬಿಟ್ಬಿಡಿ. ಯಜಮಾನ್ರ ಕೆಲಸ ಬೇರೆ ಊರಿಗೆ ಹೋಗೋ ಸಾಧ್ಯತೆ ಇದ್ರೆ ಆ ರಾಜ್ಯದ್ದೂ ನೋಡಿ.

ನಾನಂತೂ ಕೇಕ್ರೆಪ್ (ಕೌನ್ಸೆಲಿಂಗ್ ಡಿಗ್ರಿಗಳಿಗೆ ಮಾನ್ಯತೆ ಕೊಡೋ ಸಂಸ್ಥೆ) ಮಾನ್ಯತೆ ಇರೋ ಕ್ಲಿನಿಕಲ್ ಮೆಂಟಲ್ ಹೆಲ್ತ್ ಕೌನ್ಸೆಲಿಂಗ್ ಬಿಟ್ಟು ಬೇರೆ ಯಾವ್ದನ್ನೂ ಯಾರಿಗೂ ಹೇಳಲ್ಲ. 60 ಕ್ರೆಡಿಟ್ ಇರತ್ತೆ, ಹೆಚ್ಚಿನೋರಿಗೆ ಮೂರು ವರ್ಷ ಹಿಡ್ಯತ್ತೆ. "36 ಕ್ರೆಡಿಟ್, ಒಂದೂವರೆ ವರ್ಷಕ್ಕೆ ಮುಗಿಯತ್ತೆ" ಅಂತ ಜಾಹೀರಾತು ಬರತ್ತಲ್ಲ, ಬರೀ ಸೈಕಾಲಜಿ, ಹ್ಯೂಮನ್ ಸರ್ವಿಸಸ್ ಅಂತ ಹೆಸರಿಟ್ಕೊಂಡಿರೋ ಆನ್‌ಲೈನ್ ಮಾಸ್ಟರ್ಸ್‌ಗಳು, ಅವು ಓದೋಕೆ ಚೆನ್ನಾಗಿರ್ಬೋದು ಆದ್ರೆ ಕೌನ್ಸೆಲರ್ ಲೈಸೆನ್ಸಿಗೆ ಅಂತ ಮಾಡಿದ್ದಲ್ಲ. ಲೈಫ್ ಕೋಚ್ ಸರ್ಟಿಫಿಕೇಟಂತೂ ಬೇಡವೇ ಬೇಡ.

2. ವೀಸಾ

ಎಚ್-4 (ಎಚ್-1ಬಿ ಕೆಲಸದ ವೀಸಾ ಇರೋರ ಗಂಡ ಅಥ್ವಾ ಹೆಂಡತಿಗೆ ಸಿಗೋ ವೀಸಾ) ಮೇಲೆ ಓದ್ಬೋದು, ಪಾರ್ಟ್‌ಟೈಮ್ ಆದ್ರೂ ಸರಿ. ಪೂರ್ತಿ ಆನ್‌ಲೈನ್ ಡಿಗ್ರಿ ಇಟ್ಕೊಂಡು ಎಫ್-1 ಸ್ಟೂಡೆಂಟ್ ವೀಸಾ ಸ್ಟೇಟಸಲ್ಲಿ ಇಲ್ಲಿರೋಕೆ ಆಗಲ್ಲ. ಎಚ್-4 ಅಲ್ಲಿದ್ದು ಇಎಡಿ (ಕೆಲಸ ಮಾಡೋ ಪರವಾನಗಿ) ಇಲ್ದಿದ್ರೆ ಸಂಬಳ ಕೊಡೋ ಇಂಟರ್ನ್‌ಶಿಪ್ ಮುಟ್ಬೇಡಿ, ಸಂಬಳ ಇಲ್ದಿರೋದಕ್ಕೂ ಇಮಿಗ್ರೇಶನ್ ವಕೀಲರನ್ನ ಕೇಳಿ ಉತ್ತರ ಬರಹದಲ್ಲಿ ಇಟ್ಕೊಳಿ. ಇದನ್ನ ಸೇರೋಕೆ ಮುಂಚೆ ಕೇಳಿ, ಮೂರನೇ ವರ್ಷದಲ್ಲಲ್ಲ. ಸರ್ಕಾರದ ಸ್ಟೂಡೆಂಟ್ ಲೋನ್ ಗ್ರೀನ್ ಕಾರ್ಡೋ ಸಿಟಿಜನ್‌ಶಿಪ್ಪೋ ಇರೋರಿಗೆ ಸಿಗತ್ತೆ, ಎಚ್-4 ಅವ್ರಿಗೆ ಇಲ್ಲ, ಹಾಗಾಗಿ ಫೀಸಿನ ಲೆಕ್ಕ ಮನೇಲಿ ಕೂತು ಸರಿಯಾಗಿ ಹಾಕಿ.

3. ಊರಿಂದ ಟ್ರಾನ್ಸ್‌ಕ್ರಿಪ್ಟ್

ನಮ್ಮ ಮೂರು ವರ್ಷದ ಬಿಎ, ಬಿಕಾಂನ ಕೆಲವು ಕಡೆ ಒಪ್ತಾರೆ, ಕೆಲವು ಕಡೆ ಇಲ್ಲ, ಅರ್ಜಿ ಫೀ ಕಟ್ಟೋ ಮುಂಚೆ ಮೇಲ್ ಮಾಡಿ ಕೇಳಿ. ಟ್ರಾನ್ಸ್‌ಕ್ರಿಪ್ಟ್ ಯೂನಿವರ್ಸಿಟಿಯಿಂದ ನೇರವಾಗಿ ಬರ್ಬೇಕು, ಕವರ್ ಆದ್ರೆ ಸೀಲ್ ಒಡ್ದಿರಬಾರ್ದು. ನನ್ನ ತಮ್ಮ ಎರಡು ಸಲ ಓಡಾಡಿ ತಂದವ್ನು, ಮಾರ್ಕ್ಸ್ ಸರಿಯಾಗಿದ್ಯಾ ನೋಡೋಣ ಅಂತ ಕವರ್ ಬಿಚ್ದ, ಅಂಟಿನ ಮೇಲಿದ್ದ ನೇರಳೆ ಬಣ್ಣದ ಮೊಹರು ಅರ್ಧಕ್ಕೆ ಹರೀತು, ಅಲ್ಲಿಗೆ ಮತ್ತೆ ಮೊದಲಿಂದ ಆರು ವಾರ. ಮನೆಯೋರಿಗೆ ಮೊದ್ಲೇ ಹೇಳಿಡಿ.

ಸ್ಟೇಟ್‌ಮೆಂಟ್ ಆಫ್ ಪರ್ಪಸ್, ಅಂದ್ರೆ ಯಾಕೆ ಓದ್ಬೇಕು ಅಂತ ಅರ್ಜಿ ಜೊತೆ ಕೊಡೋ ಬರಹ, ನೀವೇ ಬರೀರಿ, ದುಡ್ಡು ತಗೊಂಡು ಬರ್ದುಕೊಡೋರ ಹತ್ರ ಹೋಗ್ಬೇಡಿ.

4. ಕ್ಲಾಸುಗಳು

ವಾರಕ್ಕೆ ಇಂತಿಷ್ಟು ಅಂತ ಓದಿ, ಬರೀರಿ, ಡೆಡ್‌ಲೈನ್ ತಪ್ಪಿಸ್ಬೇಡಿ. ಬಹಳಷ್ಟು ಕಡೆ ಕೆಲವು ದಿನ ಕ್ಯಾಂಪಸ್ಸಿಗೆ ಹೋಗೋ ರೆಸಿಡೆನ್ಸಿನೂ ಇರತ್ತೆ, ಆಗ ಮಕ್ಳನ್ನ ಯಾರು ನೋಡ್ಕೋತಾರೆ ಅಂತ ಈಗ್ಲೇ ಯೋಚ್ನೆ ಮಾಡಿ.

5. ಸೈಟ್ ಹುಡುಕೋದು

ಇದೇ ನೋಡಿ ಎಲ್ಲರೂ ಎಡವೋ ಜಾಗ. ಬಹಳಷ್ಟು ಆನ್‌ಲೈನ್ ಪ್ರೋಗ್ರಾಂಗಳಲ್ಲಿ ಸೈಟ್, ಅಂದ್ರೆ ಪ್ರಾಕ್ಟಿಕಮ್, ಇಂಟರ್ನ್‌ಶಿಪ್ ಮಾಡೋ ಜಾಗ, ಹುಡುಕೋ ಜವಾಬ್ದಾರಿ ಸ್ಟೂಡೆಂಟ್‌ದೇ. ಯೂನಿವರ್ಸಿಟಿ ಸಹಾಯ ಮಾಡತ್ತೆ ಅಂದ್ರೆ ಎಷ್ಟೋ ಸಲ ಒಂದು ಹಳೇ ಪಟ್ಟಿ ಕೊಡತ್ತೆ ಅಂತ ಅರ್ಥ, ಸೇರೋ ಮುಂಚೆನೇ "ನಮ್ಮೂರಿನ ಸ್ಟೂಡೆಂಟ್ಸ್ ಕಳೆದ ವರ್ಷ ಎಲ್ಲಿ ಮಾಡಿದ್ರು?" ಅಂತ ನೇರವಾಗಿ ಕೇಳಿ.

ಮೊದಲ ಸೆಮಿಸ್ಟರಲ್ಲೇ ಫೀಲ್ಡ್ ಮ್ಯಾನ್ಯುಯಲ್ (ಪ್ರಾಕ್ಟಿಕಮ್, ಇಂಟರ್ನ್‌ಶಿಪ್ ನಿಯಮಗಳ ಕೈಪಿಡಿ) ತರ್ಸಿಕೊಳಿ. ಪ್ರಾಕ್ಟಿಕಮ್ ಶುರು ಆಗೋಕೆ ಒಂದು ವರ್ಷ ಮುಂಚೆ ಫೋನ್ ಮಾಡೋಕೆ ಶುರು ಮಾಡಿ. ನಾಲ್ಕು ತಿಂಗಳು ಸಾಕು ಅನ್ನೋರ ಮಾತು ಕೇಳ್ಬೇಡಿ, ಯಾಕಂದ್ರೆ ಸೈಟ್ ಒಪ್ಪಿದ್ಮೇಲೂ ಯೂನಿವರ್ಸಿಟಿಗೂ ಸೈಟಿಗೂ ಮಧ್ಯೆ ಒಂದು ಅಗ್ರಿಮೆಂಟ್ ಆಗ್ಬೇಕು, ಅದು ಎರಡೂ ಕಡೆ ವಕೀಲರ ಟೇಬಲ್ ಮೇಲೆ ಎರಡು ಮೂರು ತಿಂಗಳು ಕೂತಿದ್ದು ನಾನೇ ನೋಡಿದೀನಿ. ಆ ಸಹಿ ಬೀಳೋವರ್ಗೂ ನೀವು ಕೂತ ಒಂದು ಗಂಟೆನೂ ಲೆಕ್ಕಕ್ಕೆ ಬರಲ್ಲ. ಒಬ್ಬ ಹುಡುಗಿ ಫೋನಲ್ಲಿ "ಸರಿ, ಬನ್ನಿ" ಅಂದ್ರು ಅಂತ ಹೋಗಿ ಮೂರು ವಾರ ಮಾಡಿದ ಕೆಲಸ ಪೂರ್ತಿ ಕಳ್ಕೊಂಡ್ಳು.

ಎಲ್ಲಿ ಕೇಳ್ಬೇಕು? ಸಮುದಾಯ ಮಾನಸಿಕ ಆರೋಗ್ಯ ಕೇಂದ್ರ, ಕುಡಿತ-ಡ್ರಗ್ಸ್ ಬಿಡಿಸೋ ಕೇಂದ್ರ, ಕಮ್ಯುನಿಟಿ ಕಾಲೇಜಿನ ಕೌನ್ಸೆಲಿಂಗ್ ಸೆಂಟರ್, ಹಾಸ್ಪಿಸ್ (ಕೊನೇ ದಿನಗಳಲ್ಲಿರೋ ರೋಗಿಗಳ ಆರೈಕೆ ಕೇಂದ್ರ), ಮನೇಲಿ ಹಿಂಸೆ ಅನುಭವಿಸಿದ ಹೆಂಗಸರ ಆಶ್ರಯ. ನಮ್ಮೋರು ಪರಿಚಯದ ಒಬ್ರ ಪ್ರೈವೇಟ್ ಪ್ರಾಕ್ಟೀಸಿಗೇ ಅಂಟ್ಕೋತಾರೆ, ಅದು ನಂಗೆ ಇಷ್ಟ ಇಲ್ಲ. ಅಲ್ಲಿ ಇಂಟರ್ನ್ ಹತ್ರ ಬರೋ ಜನ ಕಮ್ಮಿ.

ಲೆಕ್ಕ ಹೇಳ್ತೀನಿ. 600 ಗಂಟೇಲಿ 240 ಗಂಟೆ ಕ್ಲೈಂಟ್ ಎದುರು ಕೂತಿರ್ಬೇಕು, ಪ್ರಾಕ್ಟಿಕಮಲ್ಲಿ 100ಕ್ಕೆ 40. ಇಂಟರ್ನ್‌ಶಿಪ್ ಎರಡು ಸೆಮಿಸ್ಟರಿಗೆ ಹಂಚಿದ್ರೆ 30 ವಾರ, ವಾರಕ್ಕೆ 20 ಗಂಟೆ, ಅದ್ರಲ್ಲಿ 8 ಗಂಟೆ ಕ್ಲೈಂಟ್ ಜೊತೆ. ಬರ್ತೀನಿ ಅಂದೋರೆಲ್ಲ ಬರಲ್ಲ, ಹಾಗಾಗಿ 8 ಬೇಕು ಅಂದ್ರೆ ಕ್ಯಾಲೆಂಡರಲ್ಲಿ 11 ಇರ್ಬೇಕು. ಅಷ್ಟು ಜನ ಇಲ್ದಿರೋ ಸೈಟ್ ಎಷ್ಟೇ ಹತ್ರ ಇದ್ರೂ ಬೇಡ.

ಒಪ್ಕೊಳೋ ಮುಂಚೆ ಇದೆಲ್ಲ ಕೇಳಿ: ಇಂಟರ್ನಿಗೆ ವಾರಕ್ಕೆ ಎಷ್ಟು ಕ್ಲೈಂಟ್? ಗ್ರೂಪ್ ಕೌನ್ಸೆಲಿಂಗ್ ನಡೆಸೋ ಅವಕಾಶ ಇದ್ಯಾ, ಯಾಕಂದ್ರೆ ಅದೂ ಮಾಡಿರ್ಲೇಬೇಕು. ಸೂಪರ್‌ವೈಸರಿಗೆ ಮಾಸ್ಟರ್ಸ್ ಆದ್ಮೇಲೆ ಎರಡು ವರ್ಷ ಅನುಭವ, ಸೂಪರ್‌ವಿಶನ್ ತರಬೇತಿ ಇದ್ಯಾ? ಅವ್ರು ಕೆಲಸ ಬಿಟ್ರೆ ಇನ್ನೊಬ್ರು ಇದಾರಾ? ಸೆಶನ್ ರೆಕಾರ್ಡ್ ಮಾಡೋಕೆ ಬಿಡ್ತಾರಾ, ಇಲ್ಲಾಂದ್ರೆ ಸೂಪರ್‌ವೈಸರ್ ಪಕ್ಕದಲ್ಲಿ ಕೂತು ನೋಡ್ತಾರಾ? ಎರಡ್ರಲ್ಲಿ ಒಂದು ಬೇಕೇ ಬೇಕು, ಎಷ್ಟೋ ಕಡೆ ರೆಕಾರ್ಡಿಂಗ್ ಸುತರಾಂ ಒಪ್ಪಲ್ಲ, ಅದು ಗೊತ್ತಾಗೋದು ಎರಡನೇ ವಾರದಲ್ಲಿ.

ಹೇಗೆ ಕೇಳ್ಬೇಕು? ವೆಬ್‌ಸೈಟಿನ ಸಾಮಾನ್ಯ ಮೇಲ್ ಐಡಿಗೆ ಹಾಕಿ ಕಾಯ್ಬೇಡಿ. ಬೆಳಿಗ್ಗೆ ಫೋನ್ ಮಾಡಿ, "ಇಂಟರ್ನ್‌ಗಳನ್ನ ನೋಡ್ಕೊಳೋರು ಯಾರು?" ಅಂತ ಕೇಳಿ ಹೆಸರು ತಗೊಂಡು ಅವ್ರಿಗೇ ಬರೀರಿ. ಒಂದು ವಾರ ಬಿಟ್ಟು ಮತ್ತೆ ಫೋನ್. ಎಕ್ಸೆಲ್ ಶೀಟಲ್ಲಿ ಹೆಸರು, ತಾರೀಕು, ಏನಂದ್ರು ಅಂತ ಮೂರು ಕಾಲಂ ಸಾಕು, ನನ್ನದ್ರಲ್ಲಿ 43 ಸಾಲು ಇತ್ತು, "ಬನ್ನಿ ಮಾತಾಡೋಣ" ಅಂತ ಬಂದಿದ್ದು 38ನೇದ್ರಿಂದ. ಇ-ಮೇಲಿನ ಮೊದಲ ಸಾಲಲ್ಲೇ ನೀವು ಕನ್ನಡ, ಹಿಂದಿ, ತೆಲುಗು ಏನೇನು ಮಾತಾಡ್ತೀರೋ ಬರೀರಿ, ನಂಗೆ ಸೈಟ್ ಸಿಕ್ಕಿದ್ದೇ ಅದ್ರಿಂದ. ಅಲ್ಲಿಗೆ ಬರೋ ಅತ್ತೆ-ಮಾವ ವಯಸ್ಸಿನೋರ ಹತ್ರ ಅವ್ರ ಭಾಷೇಲಿ ಮಾತಾಡೋರು ಯಾರೂ ಇರ್ಲಿಲ್ಲ. ದುಡ್ಡು ತಗೊಂಡು ಸೈಟ್ ಕೊಡಿಸ್ತೀವಿ ಅನ್ನೋರಿದಾರೆ, ನಾನು ಬೇಡ ಅಂತೀನಿ, ಸೂಪರ್‌ವೈಸರ್ ಯಾರು ಅಂತ ನೋಡದೇ ದುಡ್ಡು ಕಟ್ಟೋದು ಸರಿಯಲ್ಲ.

6. ರೆಕಾರ್ಡಿಂಗ್, ಲಾಗ್

ಫೋನಿನ ವಾಯ್ಸ್ ರೆಕಾರ್ಡರ್ ಬಳಸ್ಲೇಬೇಡಿ, ಎಷ್ಟೋ ಫೋನಲ್ಲಿ ಅದು ತಾನೇ ಕ್ಲೌಡಿಗೆ ಹೋಗ್ಬಿಡತ್ತೆ, ಕ್ಲೈಂಟಿನ ಗುಟ್ಟು ಅದು. ಯೂನಿವರ್ಸಿಟಿ ಹೇಳಿದ ಸಿಸ್ಟಮಲ್ಲೇ ಮಾಡಿ. ಗಂಟೆಗಳ ಲಾಗಿಗೆ ಪ್ರತಿ ಶುಕ್ರವಾರ ಸೂಪರ್‌ವೈಸರ್ ಸಹಿ ತಗೊಳಿ, ಕೊನೇಲಿ ಒಟ್ಟಿಗೆ ಹಾಕಿಸ್ಕೊತೀನಿ ಅಂತ ಇಟ್ಕೊಂಡೋರ ಸೂಪರ್‌ವೈಸರ್ ಮಧ್ಯದಲ್ಲೇ ಕೆಲಸ ಬಿಟ್ಟು ಹೋದ್ರೆ ಆ ಸಹಿಗೆ ಊರೂರು ಅಲೀಬೇಕು. ಲಾಗಿನ ಸ್ಕ್ಯಾನ್ ಕಾಪಿ ಎರಡು ಕಡೆ ಇಡಿ.

7. ಪರೀಕ್ಷೆ, ಆಮೇಲೆ

ಲೈಸೆನ್ಸಿಗೆ ಬರೆಯೋ ಪರೀಕ್ಷೆ ಎನ್‌ಸಿಇ ಅಥ್ವಾ ಎನ್‌ಸಿಎಂಎಚ್‌ಸಿಇ, ಯಾವ್ದು ಅಂತ ನಿಮ್ಮ ಬೋರ್ಡ್ ಹೇಳತ್ತೆ. ಟೆಕ್ಸಾಸಲ್ಲಾದ್ರೆ ಡಿಗ್ರಿ ಆದ್ಮೇಲೆ ಅಸೋಸಿಯೇಟ್ ಆಗಿ, ಅಂದ್ರೆ ಸೂಪರ್‌ವೈಸರ್ ಕೈಕೆಳಗೆ, 3,000 ಗಂಟೆ, ಕನಿಷ್ಠ 18 ತಿಂಗಳು, ಅದ್ರಲ್ಲಿ 1,500 ಗಂಟೆ ಕ್ಲೈಂಟ್ ಜೊತೆ. ಇದನ್ನ ಮನೆಯೋರಿಗೆ ಮೊದಲ ದಿನವೇ ಹೇಳಿ, ಡಿಗ್ರಿ ಬಂದ ಮರುದಿನ ಸ್ವಂತ ಕ್ಲಿನಿಕ್ ತೆಗೀತಾಳೆ ಅಂತ ಅವ್ರು ಅಂದ್ಕೊಂಡಿರ್ತಾರೆ.

ಬೆಂಗಳೂರು, ಹುಬ್ಬಳ್ಳೀಲಿ ಕೂತು ಈ ಅಮೆರಿಕದ ಆನ್‌ಲೈನ್ ಡಿಗ್ರಿ ಮಾಡ್ಲಾ ಅಂತಾನೂ ಕೇಳ್ತಾರೆ. ಇಲ್ಲಿಗೆ ಬಂದು ಲೈಸೆನ್ಸ್ ತಗೊಳೋ ಯೋಚ್ನೆ ಇಲ್ದಿದ್ರೆ ಡಾಲರ್ ಸುರೀಬೇಡಿ. ಭಾರತದಲ್ಲೇ 2025ರ ಜುಲೈ-ಆಗಸ್ಟ್ ಸೆಶನ್ನಿಂದ ಸೈಕಾಲಜಿನ ಆನ್‌ಲೈನ್, ದೂರಶಿಕ್ಷಣದಲ್ಲಿ ಕೊಡ್ಬೇಡಿ ಅಂತ ಯುಜಿಸಿ ಹೇಳಿದೆ. ಅಲ್ಲಿರೋರು ಕ್ಲಾಸಿಗೆ ಹೋಗಿ ಮಾಡೋ ರೆಗ್ಯುಲರ್ ಎಂಎ, ಎಂಎಸ್ಸಿನೇ ನೋಡಿ, ಅಲ್ಲೂ ಫೀಲ್ಡ್‌ವರ್ಕ್ ಎಲ್ಲಿ ಮಾಡಿಸ್ತಾರೆ, ಯಾರು ಸೂಪರ್‌ವೈಸ್ ಮಾಡ್ತಾರೆ ಅಂತ ಅಡ್ಮಿಶನ್ ಫೀ ಕಟ್ಟೋ ಮುಂಚೆನೇ ಕೇಳಿ.