ಹಳೆಯ ಹೈಬ್ರಿಡ್ ಕಾರು ಕೊಳ್ಳುವಾಗ ನಾನು ಪರೀಕ್ಷಿಸಿದ ಸಂಗತಿಗಳು

ಚಿಕ್ಕಮಗಳೂರಿನಲ್ಲಿದ್ದುಕೊಂಡು ಸೆಕೆಂಡ್ ಹ್ಯಾಂಡ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ನಿನ ಜೊತೆ ವಿದ್ಯುತ್ ಮೋಟಾರೂ ಇರುವ) ಕಾರು ಕೊಳ್ಳುವುದಾಗಿ ಹೇಳಿದಾಗ ಪರಿಚಿತರೆಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಬ್ಯಾಟರಿ ಕೈಕೊಟ್ಟರೆ ಏನು ಮಾಡುತ್ತೀರಿ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಬ್ಯಾಟರಿಯ ಸ್ಥಿತಿ ಹೇಗಿದೆಯೆಂಬುದನ್ನು ಹಣ ಕೊಡುವ ಮೊದಲೇ, ಕಾರಿನ ಬಳಿ ಒಂದೆರಡು ಗಂಟೆ ಕಳೆದು ತಕ್ಕಮಟ್ಟಿಗೆ ಖಚಿತವಾಗಿ ತಿಳಿದುಕೊಳ್ಳಬಹುದು. ನಾನು ಅದನ್ನು ಹೇಗೆ ಮಾಡಿದೆನೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮನಸ್ಸಿನಲ್ಲಿ ಮೊದಲು ಇದ್ದದ್ದು ಲೆಕ್ಸಸ್ ಸಿಟಿ 200ಎಚ್ ಎಂಬ ಐಷಾರಾಮಿ ಹ್ಯಾಚ್‌ಬ್ಯಾಕ್. ಲೆಕ್ಸಸ್ ಕಂಪನಿ ಭಾರತಕ್ಕೆ ಬಂದದ್ದು 2017ರಲ್ಲಿ. ಆ ಮಾದರಿಯನ್ನು ಅದು ಇಲ್ಲಿ ಮಾರಲಿಲ್ಲ. ಆದರೆ ಅದರೊಳಗಿನ 1.8 ಲೀಟರ್ ಪೆಟ್ರೋಲ್ ಎಂಜಿನ್ ಮತ್ತು ಹೈಬ್ರಿಡ್ ವ್ಯವಸ್ಥೆಯೇ ಮೂರನೆಯ ತಲೆಮಾರಿನ ಟೊಯೋಟಾ ಪ್ರಿಯಸ್‌ನಲ್ಲೂ ಇದೆ. ಹಾಗಾಗಿ ಪ್ರಿಯಸ್ ಅನ್ನೇ ಹುಡುಕಲು ಹೊರಟೆ. ಅದು 2010ರಿಂದ ಜಪಾನಿನಲ್ಲಿ ಪೂರ್ತಿ ತಯಾರಾಗಿ ನಮ್ಮಲ್ಲಿಗೆ ಬರುತ್ತಿತ್ತು. ಹೊಸದಾಗಿದ್ದಾಗ ಅದರ ಬೆಲೆ 25 ಲಕ್ಷ ರೂಪಾಯಿ ದಾಟಿದ್ದರಿಂದ ಕೊಂಡವರು ಕಡಿಮೆ. ಹಾಗಾಗಿ ಮಾರಾಟಕ್ಕೆ ಬರುವುದೂ ಅಪರೂಪ. ಹಾಸನ, ಚಿಕ್ಕಮಗಳೂರಿನ ಕಡೆ ಒಂದೂ ಸಿಗದೆ ಬೆಂಗಳೂರಿನಲ್ಲಿಯೇ ಹುಡುಕಬೇಕಾಯಿತು.

ಈ ಕಾರಿನಲ್ಲಿ ಕ್ಲಚ್ ಇಲ್ಲ, ಬೇರೆಯಾದ ಸ್ಟಾರ್ಟರ್ ಮೋಟಾರ್ ಇಲ್ಲ, ಆಲ್ಟರ್ನೇಟರ್ ಇಲ್ಲ, ಫ್ಯಾನ್ ಬೆಲ್ಟ್ ಕೂಡ ಇಲ್ಲ. ಎಂಜಿನ್ನನ್ನೂ ಎರಡು ವಿದ್ಯುತ್ ಮೋಟಾರುಗಳನ್ನೂ ಒಂದು ಗೇರ್ ಜೋಡಣೆ ಕೂಡಿಸುತ್ತದೆ. ಆದ್ದರಿಂದ ನಮ್ಮ ಗ್ಯಾರೇಜಿನವರು ಹಳೆಯ ಕಾರಿನಲ್ಲಿ ರೂಢಿಯಂತೆ ನೋಡುವ ಎಷ್ಟೋ ಭಾಗಗಳು ಇಲ್ಲಿ ಇರುವುದೇ ಇಲ್ಲ, ಮತ್ತು ನಿಜವಾಗಿ ನೋಡಬೇಕಾದ ಭಾಗಗಳು ಅವರ ಕಣ್ಣಿಗೆ ಬೀಳುವುದಿಲ್ಲ.

ಅವುಗಳಲ್ಲಿ ಮೊದಲನೆಯದು ದೊಡ್ಡ ಬ್ಯಾಟರಿ. ಹಿಂಬದಿ ಸೀಟಿನ ಬೆನ್ನಿಗೆ, ಡಿಕ್ಕಿಯ ತಳದಲ್ಲಿ ಅದು ಕೂತಿರುತ್ತದೆ. ತಲಾ 7.2 ವೋಲ್ಟಿನ 28 ಮಾಡ್ಯೂಲುಗಳು ಸೇರಿ 201.6 ವೋಲ್ಟ್ ಆಗುತ್ತದೆ. ಒಂದೊಂದು ಮಾಡ್ಯೂಲಿನೊಳಗೆ ಆರು ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳಿರುತ್ತವೆ. ಕಾರಿನ ಕಂಪ್ಯೂಟರ್ ಈ ಮಾಡ್ಯೂಲುಗಳನ್ನು ಎರಡೆರಡಾಗಿ ಸೇರಿಸಿ 14 ಬ್ಲಾಕುಗಳಾಗಿ ಗಮನಿಸುತ್ತಿರುತ್ತದೆ. ಈ ಬ್ಯಾಟರಿಯ ದೊಡ್ಡ ಶತ್ರು ಬಿಸಿ. ಅದನ್ನು ತಂಪಾಗಿಡಲು ಒಂದು ಫ್ಯಾನ್ ಕಾರಿನೊಳಗಿನ ಗಾಳಿಯನ್ನೇ ಹಿಂದಿನ ಸೀಟಿನ ಪಕ್ಕದ ಜಾಲರಿಯಿಂದ ಎಳೆದುಕೊಳ್ಳುತ್ತದೆ. ಆ ಜಾಲರಿ ಮುಚ್ಚಿಹೋದರೆ ಬ್ಯಾಟರಿಯ ಆಯುಷ್ಯ ಒಳಗಿಂದೊಳಗೇ ಕರಗುತ್ತದೆ, ಮಾಲೀಕರಿಗೆ ಅದು ಗೊತ್ತೂ ಆಗುವುದಿಲ್ಲ.

ನಾನು ಮೊದಲು ನೋಡಿದ ಕಾರು ಹೊರಗಿನಿಂದ ಬಹಳ ಚೆನ್ನಾಗಿತ್ತು. ಬಣ್ಣ ಮಾಸಿರಲಿಲ್ಲ, ಟೈರುಗಳು ಹೊಸವು, ಓಡಿದ ಕಿಲೋಮೀಟರ್ ಕೂಡ ಕಡಿಮೆ. ಆದರೆ ದಪ್ಪನೆಯ ಸೀಟ್ ಕವರು ಜಾಲರಿಯ ಅರ್ಧಭಾಗವನ್ನು ಮುಚ್ಚಿತ್ತು. ಜಾಲರಿಯನ್ನು ಬಿಚ್ಚಿ ಟಾರ್ಚ್ ಬಿಟ್ಟಾಗ ಒಳಗೆ ಬೂದು ಬಣ್ಣದ ಧೂಳು ನಾಯಿಯ ಕೂದಲಿನೊಂದಿಗೆ ಬೆರೆತು ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಡ್ಯಾಶ್‌ಬೋರ್ಡಿನ ಕೆಳಗಿರುವ ಓಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಸಾಕೆಟ್ಟಿಗೆ) ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ, ಬ್ಲಾಕುಗಳ ವೋಲ್ಟೇಜನ್ನು ಮೊಬೈಲಿನಲ್ಲಿ ನೋಡುತ್ತ ಕಾರು ಓಡಿಸಿದೆವು. ನಿಂತಿದ್ದಾಗ ಹದಿನಾಲ್ಕೂ ಬ್ಲಾಕುಗಳು ಸರಿಸಮವಾಗಿ ಕಾಣುತ್ತಿದ್ದವು. ಮೇಲ್ಸೇತುವೆ ಏರುವಾಗ ಆಕ್ಸಿಲರೇಟರ್ ಒತ್ತಿದೊಡನೆ ಅವುಗಳಲ್ಲಿ ಒಂದು ಮಾತ್ರ ಉಳಿದವುಗಳಿಗಿಂತ ಒಂದು ವೋಲ್ಟಿಗೂ ಹೆಚ್ಚು ಕೆಳಗಿಳಿಯಿತು. ಒಂದು ಸೆಲ್ಲಿನ ವೋಲ್ಟೇಜ್ ಸುಮಾರು 1.2 ಆದ್ದರಿಂದ, ಆ ಬ್ಲಾಕಿನಲ್ಲಿ ಒಂದು ಸೆಲ್ ಸತ್ತಿದೆಯೆಂದೇ ಅರ್ಥ ಮಾಡಿಕೊಂಡು ಆ ಕಾರನ್ನು ಬಿಟ್ಟೆ. ಮೀಟರಿನಲ್ಲಿ ಆಗ ಒಂದು ಎಚ್ಚರಿಕೆಯ ದೀಪವೂ ಹೊತ್ತಿರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ನಿಂತ ಕಾರಿನಲ್ಲಿ ಮಾಡುವ ಸ್ಕ್ಯಾನಿಂಗನ್ನು ನಂಬಬಾರದು. ಬ್ಯಾಟರಿಯ ಮೇಲೆ ಭಾರ ಬಿದ್ದಾಗ ಮಾತ್ರ ಅದರ ನಿಜಸ್ಥಿತಿ ಹೊರಬರುತ್ತದೆ.

ಕೊನೆಗೆ ಕೊಂಡ ಕಾರು ಒಬ್ಬ ನಿವೃತ್ತ ಅಧಿಕಾರಿಯವರದು. ಅದು ಮೊದಲನೆಯದಕ್ಕಿಂತ ಹೆಚ್ಚು ಓಡಿತ್ತು, ಬಂಪರಿನ ಮೇಲೆ ಗೀರುಗಳೂ ಇದ್ದವು. ಆದರೆ ಜಾಲರಿ ಸ್ವಚ್ಛವಾಗಿತ್ತು, ಏರಿನಲ್ಲೂ ಬ್ಲಾಕುಗಳ ನಡುವಿನ ಅಂತರ 0.2 ವೋಲ್ಟ್ ಮೀರಲಿಲ್ಲ. ಹಿಂದಿನ ಸಂಜೆಯೇ ಫೋನ್ ಮಾಡಿ, “ಸಾರ್, ಬೆಳಿಗ್ಗೆ ನಾವು ಬರುವವರೆಗೆ ದಯವಿಟ್ಟು ಗಾಡಿ ಸ್ಟಾರ್ಟ್ ಮಾಡಬೇಡಿ” ಎಂದು ಕೇಳಿಕೊಂಡಿದ್ದೆ. ಅದಕ್ಕೆ ಕಾರಣವಿದೆ. ಈ ಎಂಜಿನ್ನಿನಲ್ಲಿ ಹೊಗೆಯ ಒಂದಂಶವನ್ನು ಮರಳಿ ಒಳಕ್ಕೆ ಕಳಿಸುವ ಇಜಿಆರ್ ದಾರಿಯಲ್ಲಿ ವರ್ಷಗಳು ಕಳೆದಂತೆ ಮಸಿ ಕಟ್ಟಿಕೊಳ್ಳುತ್ತದೆ. ಅದನ್ನು ಹಾಗೆಯೇ ಬಿಟ್ಟ ಕಾರುಗಳಲ್ಲಿ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವನ್ನು ಸೋರದಂತೆ ಮುಚ್ಚುವ ಪದರ) ಹೋಗುವುದುಂಟು. ಗ್ಯಾಸ್ಕೆಟ್ ಸೋರತೊಡಗಿದರೆ ರಾತ್ರಿಯಿಡೀ ಕೂಲೆಂಟ್ ಸಿಲಿಂಡರಿನೊಳಕ್ಕೆ ಜಿನುಗಿ, ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಎಂಜಿನ್ ಕೆಲವು ಕ್ಷಣ ಗಡಗಡನೆ ನಡುಗುತ್ತದೆ. ಒಮ್ಮೆ ಬಿಸಿಯಾದ ಮೇಲೆ ಆ ಲಕ್ಷಣವೇ ಮಾಯವಾಗುತ್ತದೆ. ಅವರು ಮಾತು ಉಳಿಸಿಕೊಂಡಿದ್ದರು. ಬಾನೆಟ್ ಮುಟ್ಟಿ ನೋಡಿದಾಗ ತಣ್ಣಗಿತ್ತು, ಎಂಜಿನ್ ನಡುಗದೆ ಎದ್ದಿತು, ಕೂಲೆಂಟ್ ಕೂಡ ಗುರುತಿನ ಮಟ್ಟದಲ್ಲೇ ಇತ್ತು.

ಬ್ರೇಕಿನ ಒತ್ತಡ ಕಾಯುವ ಪಂಪು ಅನಗತ್ಯವಾಗಿ ಮತ್ತೆ ಮತ್ತೆ ಸದ್ದು ಮಾಡುತ್ತಿದೆಯೇ ಎಂದು ಕಿವಿಗೊಟ್ಟು ಕೇಳಿದೆ, ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ತಕ್ಕಂತೆ ಬದಲಿಸುವ ಇನ್ವರ್ಟರಿನ ಪ್ರತ್ಯೇಕ ಕೂಲೆಂಟ್ ಡಬ್ಬಿಯಲ್ಲಿ ದ್ರವ ಹರಿದಾಡುತ್ತಿರುವುದನ್ನು ಕಣ್ಣಾರೆ ಕಂಡೆ. ಸಿಕ್ಕ ಕೊರತೆ ಒಂದೇ: ಡಿಕ್ಕಿಯ ಬಲಮೂಲೆಯ ಚಿಕ್ಕ 12 ವೋಲ್ಟ್ ಬ್ಯಾಟರಿಯ ಜಾಗದಲ್ಲಿ ಯಾರೋ ಸಾಮಾನ್ಯ ಆಸಿಡ್ ಬ್ಯಾಟರಿ ಕೂರಿಸಿದ್ದರು. ಅದರಿಂದ ಹೊರಡುವ ಅನಿಲ ಕಾರಿನೊಳಗೇ ಸೇರುವ ಸಾಧ್ಯತೆ ಇರುವುದರಿಂದ ಅಲ್ಲಿ ಎಜಿಎಂ ಎಂಬ ಮೊಹರು ಮಾಡಿದ ಮಾದರಿಯದೇ ಇರಬೇಕು. ಹೊಸದರ ಬೆಲೆಯನ್ನು ಅವರು ತಕರಾರಿಲ್ಲದೆ ಮುರಿದುಕೊಂಡರು.

ಕಾಗದಪತ್ರದ ಕೆಲಸ ಸಲೀಸಾಗಿತ್ತು. ಕರ್ನಾಟಕದ ನೋಂದಣಿಯೇ ಆದ್ದರಿಂದ ಜೀವಿತಾವಧಿ ತೆರಿಗೆಯನ್ನು ಮತ್ತೆ ಕಟ್ಟಬೇಕಿರಲಿಲ್ಲ. ಹೊರರಾಜ್ಯದ ಕಾರಾಗಿದ್ದರೆ ಎನ್‌ಓಸಿಯೂ ತೆರಿಗೆಯೂ ಸೇರಿ ಲೆಕ್ಕವೇ ಬೇರೆಯಾಗುತ್ತಿತ್ತು. ಫಾರಂ 29 ಮತ್ತು 30ಕ್ಕೆ ಸಹಿಯಾದವು, ವಿಮೆ ನನ್ನ ಹೆಸರಿಗೆ ಬಂತು. ಇಂಥ ಕಾರುಗಳಿಗೆ ವಯಸ್ಸಾಗಿರುವುದರಿಂದ ಆರ್‌ಸಿಯ 15 ವರ್ಷದ ಅವಧಿ ಎಂದು ಮುಗಿಯುತ್ತದೆಂದು ನೋಡಿಕೊಂಡು, ನವೀಕರಣದ ಖರ್ಚನ್ನೂ ಚೌಕಾಸಿಯಲ್ಲಿ ಸೇರಿಸಿಕೊಳ್ಳುವುದು ಒಳ್ಳೆಯದು.

ನಮ್ಮ ಮಲೆನಾಡಿನ ತಂಪು ಹವೆ ಈ ಬ್ಯಾಟರಿಗೆ ಒಗ್ಗುತ್ತದೆ, ಘಾಟಿಗಳು ಮಾತ್ರ ಬೇರೆಯದೇ ಚಾಲನೆಯನ್ನು ಬೇಡುತ್ತವೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಬ್ಯಾಟರಿ ಸ್ವಲ್ಪ ದೂರದಲ್ಲೇ ತುಂಬಿಬಿಡುತ್ತದೆ. ಆಮೇಲೆ ಮೋಟಾರು ಚಾರ್ಜ್ ಮಾಡುತ್ತ ವೇಗ ತಗ್ಗಿಸುವುದು ನಿಂತು, ಬಹುಪಾಲು ಭಾರ ಬ್ರೇಕ್ ಪ್ಯಾಡಿನ ಮೇಲೆ ಬೀಳುತ್ತದೆ. ಆದ್ದರಿಂದ ಇಳಿಜಾರಿನ ಆರಂಭದಲ್ಲೇ ಲಿವರನ್ನು ‘ಬಿ’ ಸ್ಥಾನಕ್ಕೆ ತರುತ್ತೇನೆ. ಆಗ ಎಂಜಿನ್ ಪೆಟ್ರೋಲ್ ಇಲ್ಲದೆ ತಿರುಗುತ್ತ ಕಾರನ್ನು ಹಿಡಿದಿಡುತ್ತದೆ. ಅದರ ಸದ್ದು ಜೋರಾಗುವುದು ಸಹಜ, ಗಾಬರಿ ಬೀಳಬೇಕಾಗಿಲ್ಲ. ಕಾರಿನ ತಳ ತಗ್ಗಾಗಿರುವುದರಿಂದ ತೋಟದ ಕಲ್ಲುದಾರಿಗೆ ಇದು ಖಂಡಿತ ತಕ್ಕದ್ದಲ್ಲ. ನಿತ್ಯ ಎಸ್ಟೇಟಿನೊಳಗೆ ಹೋಗಿಬರಬೇಕಾದವರು ಇದನ್ನು ಕೊಳ್ಳಬೇಡಿ ಎಂದೇ ನಾನು ಹೇಳುತ್ತೇನೆ.

ಮಳೆಗಾಲದಲ್ಲಿ ಶೆಡ್ಡಿಗೆ ಸೇರುವ ಇಲಿಗಳು ವೈರು ಕಡಿಯುವುದು ಇಲ್ಲಿ ಎಲ್ಲರಿಗೂ ತಿಳಿದದ್ದೇ. ಆದರೆ ಈ ಕಾರಿನಲ್ಲಿ ಕಿತ್ತಳೆ ಬಣ್ಣದ ಕೇಬಲ್ಲುಗಳು ಪ್ರಾಣಾಪಾಯದ ವೋಲ್ಟೇಜಿನವು. ಅವುಗಳಿಗೆ ಸಂಬಂಧಿಸಿದ ಯಾವ ಕೆಲಸವಿದ್ದರೂ, ತರಬೇತಾದ ಮೆಕ್ಯಾನಿಕ್ ಇನ್ಸುಲೇಟೆಡ್ ಕೈಗವಸು ತೊಟ್ಟು, ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆದು, ಕನಿಷ್ಠ 10 ನಿಮಿಷ ಬಿಟ್ಟ ನಂತರವೇ ಕೈ ಹಾಕಬೇಕು. ಊರಿನ ಗ್ಯಾರೇಜಿಗೆ ನಾನು ಒಪ್ಪಿಸುವುದು ಎಂಜಿನ್ ಆಯಿಲ್, ಟೈರು, ಬ್ರೇಕ್ ಪ್ಯಾಡಿನ ಕೆಲಸಗಳನ್ನಷ್ಟೆ; ಜಾಲರಿಯನ್ನು ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ನಾನೇ ಬಿಚ್ಚಿ ಸ್ವಚ್ಛಮಾಡುತ್ತೇನೆ.