ಊಟಕ್ಕೆ ಮುಂಚಿನ ಅರ್ಧ ಗಂಟೆ

ಡೇ ಕೇರ್‌ಗಳ ಗುಣಮಟ್ಟ ಅಳೆಯುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಬರೀ ಗೋಡೆ ನೋಡುತ್ತಿದ್ದೆ. ಬಣ್ಣ ಚೆನ್ನಾಗಿದೆಯಾ, ಆಟದ ಸಾಮಾನು ಎಷ್ಟಿದೆ, ಮೂಲೆಯಲ್ಲಿ ಪುಸ್ತಕ ಇದೆಯಾ ಎಂದು ನೋಡಿ ಟಿಕ್ ಹಾಕುತ್ತಾ ಹೋಗುತ್ತಿದ್ದೆ. ಒಂದು ಗಂಟೆಯಲ್ಲಿ ಫಾರ್ಮ್ ತುಂಬಿಬಿಡುತ್ತಿತ್ತು. ಈಗ ಒಂದು ಕೋಣೆಯಲ್ಲಿ 3 ಗಂಟೆಗಿಂತ ಕಡಿಮೆ ಕೂರುವುದಿಲ್ಲ. ಅದರಲ್ಲೂ ಊಟಕ್ಕೆ ಮುಂಚಿನ ಅರ್ಧ ಗಂಟೆ ಮಾತ್ರ ತಪ್ಪಿಸುವುದೇ ಇಲ್ಲ.

ಆಟ ನಿಲ್ಲಿಸಿ, ಸಾಮಾನು ಎತ್ತಿಟ್ಟು, ಟಾಯ್ಲೆಟ್‌ಗೆ ಹೋಗಿ, ಕೈ ತೊಳೆದು, ತಟ್ಟೆ ಮುಂದೆ ಕೂರುವ ತನಕದ ಹೊತ್ತು ಅದು. ನಾನು ಬರುತ್ತೇನೆ ಅಂತ ಗೊತ್ತಾದರೆ ಟೀಚರ್ ಒಂದು ಒಳ್ಳೆ ಕಥೆ ತಯಾರು ಮಾಡಿಕೊಂಡಿರುತ್ತಾರೆ, ಕಪಾಟು ಒರೆಸಿ ಇಟ್ಟಿರುತ್ತಾರೆ. ಆದರೆ ಹಸಿದ 18 ಮಕ್ಕಳು, 1 ನಲ್ಲಿ, 2 ಜನ ದೊಡ್ಡವರು ಇರುವಾಗ ನಾಟಕ ನಡೆಯುವುದಿಲ್ಲ. ದಿನಾ ಹೇಗೋ ಹಾಗೇ ನಡೆಯುತ್ತದೆ.

ಇದು ನನಗೆ ಹೊಳೆದದ್ದು ನನ್ನದೇ ತಪ್ಪಿನಿಂದ. ಒಂದು ಕೋಣೆ ನನಗೆ ತುಂಬಾ ಹಿಡಿಸಿತ್ತು. ಟೀಚರ್ ನಗುಮುಖದವರು, ಹಾಡು ಚೆನ್ನಾಗಿ ಹೇಳಿಸುತ್ತಿದ್ದರು. ಎಲ್ಲದಕ್ಕೂ ಕೈ ಬಿಚ್ಚಿ ಅಂಕ ಹಾಕಿದ್ದೆ. ಅವತ್ತು ಜೊತೆಗೆ ಬಂದಿದ್ದ ಹಿರಿಯ ಸಹೋದ್ಯೋಗಿಯೂ ಅದೇ ಕೋಣೆಯಲ್ಲಿ, ನನ್ನ ಜೊತೆ ಒಂದು ಮಾತೂ ಆಡದೆ, ತಮ್ಮ ಫಾರ್ಮ್ ತುಂಬಿದ್ದರು. ಹೊರಗೆ ಬಂದು ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆವು. ಒಂದು ಕಡೆ ನಾನು 6 ಹಾಕಿದ್ದೆ, ಅವರು 2. ‘ನೀಲಿ ಅಂಗಿಯ ಹುಡುಗ ಎಷ್ಟು ಹೊತ್ತು ಸಾಲಿನಲ್ಲಿ ನಿಂತಿದ್ದ ಹೇಳು’ ಅಂದರು. ನಾನು ಆ ಹುಡುಗನನ್ನೇ ನೋಡಿರಲಿಲ್ಲ. ಅವರ ಹತ್ತಿರ ಬರೆದಿಟ್ಟ ಲೆಕ್ಕವಿತ್ತು: 17 ನಿಮಿಷ. ಕೈಯಲ್ಲಿ ಏನೂ ಇಲ್ಲದೆ, ಯಾರೂ ಮಾತಾಡಿಸದೆ, ಎರಡು ಸಲ ‘ಸುಮ್ನೆ ನಿಂತ್ಕೋ’ ಅನ್ನಿಸಿಕೊಂಡು.

ಹೀಗೆ ಇಬ್ಬರು ಬೇರೆ ಬೇರೆಯಾಗಿ ಅಂಕ ಹಾಕಿ ಹೋಲಿಸುವುದು ಈ ಕೆಲಸದ ತರಬೇತಿಯಲ್ಲಿ ಕಡ್ಡಾಯ. ಸಾಮಾನ್ಯವಾಗಿ 100ಕ್ಕೆ 85 ಅಂಶಗಳಲ್ಲಾದರೂ ಇಬ್ಬರ ಅಂಕದ ನಡುವೆ ಒಂದಕ್ಕಿಂತ ಜಾಸ್ತಿ ಅಂತರ ಇರಬಾರದು. ನಾನು ಆ ಗೆರೆ ಮುಟ್ಟಲು ತಿಂಗಳುಗಟ್ಟಲೆ ಒದ್ದಾಡಿದೆ. ಕಷ್ಟ ಏನೆಂದರೆ, ಟೀಚರ್ ಇಷ್ಟವಾದರೆ ಪೆನ್ನು ತಾನಾಗಿ ಮೇಲಕ್ಕೆ ಹೋಗುತ್ತದೆ. ಇಷ್ಟವಾಗದಿದ್ದರೆ ಕೆಳಕ್ಕೆ. ಅದಕ್ಕೇ ಈಗ ಮೊದಲು ಕಂಡದ್ದನ್ನು ಮಾತ್ರ ಬರೆಯುತ್ತೇನೆ. ‘ಪ್ರೀತಿಯ ಟೀಚರ್’ ಅಂತ ಬರೆಯುವುದಿಲ್ಲ. ‘11:40, ಅಳುವ ಮಗುವಿನ ಪಕ್ಕ ನೆಲದಲ್ಲಿ ಕೂತರು, ಏನಾಯ್ತು ಅಂತ ಕೇಳಿದರು, ಉತ್ತರಕ್ಕೆ ಕಾದರು’ ಅಂತ ಬರೆಯುತ್ತೇನೆ. ಅಂಕ ಆಮೇಲೆ.

ನಾನು ಹೆಚ್ಚಾಗಿ ಬಳಸುವುದು ಇಸಿಇಆರ್‌ಎಸ್ (ಅರ್ಲಿ ಚೈಲ್ಡ್‌ಹುಡ್ ಎನ್ವಿರಾನ್‌ಮೆಂಟ್ ರೇಟಿಂಗ್ ಸ್ಕೇಲ್) ಎಂಬ ಅಳತೆ. ಥೆಲ್ಮಾ ಹಾರ್ಮ್ಸ್ ಮತ್ತು ರಿಚರ್ಡ್ ಕ್ಲಿಫರ್ಡ್ 1980ರಲ್ಲಿ ಇದನ್ನು ಹೊರತಂದರು. ಮನೆಯಲ್ಲಿ ನಡೆಸುವ ಡೇ ಕೇರ್‌ಗೆ 1989ರಲ್ಲಿ, ಹಸುಗೂಸುಗಳ ಕೋಣೆಗೆ 1990ರಲ್ಲಿ ಬೇರೆ ಬೇರೆ ಅಳತೆಗಳು ಬಂದವು. ಎಲ್ಲದರಲ್ಲೂ ಅಂಕ 1ರಿಂದ 7. 1 ಅಂದರೆ ಸಾಲದು, 3 ಅಂದರೆ ಹೇಗೋ ನಡೆಯುತ್ತದೆ, 5 ಒಳ್ಳೆಯದು, 7 ಬಹಳ ಒಳ್ಳೆಯದು. ಮೆಟ್ಟಿಲಿನ ಹಾಗೆ ಇದು. 1ರ ಕೆಳಗೆ ಬರೆದಿರುವ ಕೊರತೆಗಳಲ್ಲಿ ಒಂದೇ ಒಂದು ಕಣ್ಣಿಗೆ ಬಿದ್ದರೂ ಆ ಅಂಶಕ್ಕೆ 1 ಅಷ್ಟೇ. ಮೇಲಿನ ಮೆಟ್ಟಿಲಲ್ಲಿ ಏನೇ ಚೆನ್ನಾಗಿದ್ದರೂ ಲೆಕ್ಕಕ್ಕಿಲ್ಲ. ಇದು ಸ್ವಲ್ಪ ಜಾಸ್ತಿಯೇ ಕಟುವಾಯಿತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಆದರೆ ನಿಯಮವನ್ನು ನನಗೆ ಬೇಕಾದ ಹಾಗೆ ಸಡಿಲಿಸಿದರೆ ಎರಡು ಕೋಣೆಗಳನ್ನು ಹೋಲಿಸುವುದಕ್ಕೇ ಆಗುವುದಿಲ್ಲ.

ಕೋಣೆಗೆ ಹೋದ ಮೇಲೆ ನಾನು ಮಾಡುವುದು ಇಷ್ಟು. ಗೋಡೆಗೆ ಒರಗಿ, ಚಿಕ್ಕ ಕುರ್ಚಿಯಲ್ಲೋ ನೆಲದಲ್ಲೋ ಕೂರುತ್ತೇನೆ. ನಿಂತರೆ ಕಪಾಟಿನ ಮೇಲಿನ ಸಾಮಾನೆಲ್ಲ ಕಾಣುತ್ತದೆ, ಕೂತರೆ ಮಗುವಿನ ಕೈಗೆ ಸಿಗುವುದು ಮಾತ್ರ ಕಾಣುತ್ತದೆ. ಮೇಲಿನ ತಟ್ಟಿನಲ್ಲಿ ಜೋಡಿಸಿಟ್ಟ ಗೊಂಬೆ ಮಗುವಿನ ಪಾಲಿಗೆ ಇಲ್ಲದಿದ್ದ ಹಾಗೇ. ಮುಖದಲ್ಲಿ ಮೆಚ್ಚುಗೆಯನ್ನೂ ತೋರಿಸುವುದಿಲ್ಲ, ಬೇಸರವನ್ನೂ ತೋರಿಸುವುದಿಲ್ಲ. ಮಕ್ಕಳು ಬಿಡುತ್ತಾರಾ? ‘ಆಂಟಿ, ಏನ್ ಬರೀತಿದ್ದೀರ?’ ಅಂತ ಬಂದೇ ಬರುತ್ತಾರೆ. ‘ನೀವೆಲ್ಲ ಏನು ಆಡ್ತೀರ ಅಂತ ಬರೀತಿದ್ದೀನಿ’ ಅಂದು ಪುಸ್ತಕದ ಕಡೆ ತಿರುಗುತ್ತೇನೆ. ಅಪಾಯ ಕಂಡರೆ ಮಾತ್ರ ಎದ್ದು ಹೇಳುತ್ತೇನೆ.

ಆಮೇಲೆ ಒಂದು ಮಗುವನ್ನು ಆರಿಸಿಕೊಳ್ಳುತ್ತೇನೆ. ಜೋರಾಗಿರುವ ಮಗುವನ್ನಲ್ಲ, ಅದನ್ನು ಎಲ್ಲರೂ ಗಮನಿಸುತ್ತಾರೆ. ಸದ್ದಿಲ್ಲದ ಮಗುವನ್ನು. ಅರ್ಧ ಗಂಟೆಯಲ್ಲಿ ಆ ಮಗುವಿನ ಹೆಸರು ಹಿಡಿದು ಎಷ್ಟು ಸಲ ಕರೆದರು, ಅದರಲ್ಲಿ ಬೈಗುಳ ಎಷ್ಟು, ಮಾತುಕತೆ ಎಷ್ಟು ಅಂತ ಗೀಟು ಹಾಕುತ್ತೇನೆ. ಎಷ್ಟೋ ಕೋಣೆಗಳಲ್ಲಿ ಗೀಟು ಬೀಳುವುದೇ ಇಲ್ಲ.

ಮನೆಯಲ್ಲಿ ನಡೆಸುವ ಡೇ ಕೇರ್‌ಗೆ ಹೋದಾಗ ಈ ಲೆಕ್ಕ ಸ್ವಲ್ಪ ತಲೆಕೆಳಗಾಗುತ್ತದೆ. ಅಲ್ಲಿ ಒಬ್ಬರೇ ಇರುತ್ತಾರೆ. 8 ತಿಂಗಳ ಕೂಸೂ ಇರುತ್ತದೆ, 5 ವರ್ಷದ ಹುಡುಗಿಯೂ ಇರುತ್ತಾಳೆ. ಸೋಫಾ, ಟಿವಿ, ಅಡುಗೆಮನೆ ಎಲ್ಲ ಅಲ್ಲೇ. ಅದನ್ನು ಶಾಲೆಯ ಹಾಗೆ ನೋಡಿದರೆ ತಪ್ಪು. ಆದರೆ ಮನೆ ಅಂತ ಬಿಟ್ಟುಕೊಡಲಾಗದ ವಿಷಯಗಳೂ ಇವೆ. ಕೂಸನ್ನು ಅಂಗಾತ ಮಲಗಿಸುತ್ತಾರಾ, ಹಾಸಿಗೆ ಗಟ್ಟಿಯಿದೆಯಾ, ದಿಂಬು ಹೊದಿಕೆ ಇಲ್ಲ ತಾನೇ? ಇದನ್ನು ಮೊದಲು ನೋಡುತ್ತೇನೆ. ದೊಡ್ಡ ಮಕ್ಕಳು ಆಡುವ ಸಣ್ಣ ಚೂರುಗಳು ಕೂಸಿನ ಕೈಗೆ ಸಿಗುತ್ತವಾ ಅಂತಲೂ. ಟಾಯ್ಲೆಟ್ ಪೇಪರ್ ಸುರುಳಿಯ ಒಳಗಿನ ರಟ್ಟಿನ ಕೊಳವೆಯಲ್ಲಿ ತೂರುವ ವಸ್ತು ಗಂಟಲಲ್ಲೂ ಸಿಕ್ಕಿಕೊಳ್ಳಬಹುದು. ಒಂದು ಕೊಳವೆ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ.

ಅಂಥ ಒಂದು ಮನೆ ನನ್ನ ಮನಸ್ಸಲ್ಲಿ ಉಳಿದಿದೆ. ಆಟದ ಸಾಮಾನು ಕಡಿಮೆ, ಗೋಡೆ ಖಾಲಿ. ಆದರೆ ಆ ಹೆಂಗಸು ಬಾಯಿ ಮುಚ್ಚಿದ್ದೇ ಇಲ್ಲ. ಡೈಪರ್ ಬದಲಿಸುವಾಗ ‘ಈಗ ಕಾಲು ಎತ್ತೋಣ್ವಾ ಬಂಗಾರ, ಒಂದು ಕಾಲು, ಇನ್ನೊಂದು ಎಲ್ಲಿ?’ ಅನ್ನುತ್ತಿದ್ದರು. ಕೂಸು ಕಾಲು ಎತ್ತಿ ನಗುತ್ತಿತ್ತು. ಊಟಕ್ಕೆ ಮುಂಚೆ ಕಾಯುವುದು ಅನ್ನುವುದೇ ಅಲ್ಲಿರಲಿಲ್ಲ. ಒಬ್ಬಳು ತಟ್ಟೆ ಇಡುತ್ತಿದ್ದಳು, ಒಬ್ಬ ಲೋಟ ಎಣಿಸುತ್ತಿದ್ದ. ಮಾತುಕತೆಯ ಅಂಶಗಳಿಗೆ ಅಂಥ ಅಂಕ ನಾನು ದೊಡ್ಡ ಡೇ ಕೇರ್‌ಗಳಲ್ಲೂ ಅಪರೂಪಕ್ಕೆ ಹಾಕಿದ್ದೇನೆ. ಆದರೆ ಡೈಪರ್ ಬದಲಿಸಿ ಅಡುಗೆಮನೆಯ ಸಿಂಕ್‌ನಲ್ಲೇ ಕೈ ತೊಳೆದು, ಸಿಂಕ್ ಸ್ವಚ್ಛ ಮಾಡದೆ ಅಲ್ಲೇ ತಟ್ಟೆ ತೊಳೆದರು. ಅದಕ್ಕೆ 1. ಬೇರೆ ದಾರಿ ಇರಲಿಲ್ಲ.

ಅಂಕ ಹೇಳಿದಾಗ ಅವರ ಕಣ್ಣು ತುಂಬಿತು. ‘ಹಾಗಾದ್ರೆ ನಾನು ಮಕ್ಕಳನ್ನ ಚೆನ್ನಾಗಿ ನೋಡ್ಕೊಳ್ಳಲ್ವಾ ಮೇಡಂ?’ ಅಂತ ಕೇಳಿದರು. ತಪ್ಪು ನನ್ನದೇ. ಕೊರತೆಯನ್ನು ಮೊದಲು ಹೇಳಿಬಿಟ್ಟಿದ್ದೆ. ಕಾಲು ಎಣಿಸಿದ್ದನ್ನು, ಲೋಟ ಎಣಿಸಿದ್ದನ್ನು ನನ್ನ ಪುಸ್ತಕದಿಂದ ಗಂಟೆ ನಿಮಿಷದ ಸಮೇತ ಓದಿ ಹೇಳಿದೆ. ಆಮೇಲೆ ಇಬ್ಬರೂ ಸಿಂಕ್ ಹತ್ತಿರ ಹೋಗಿ ನಿಂತೆವು. ಬಚ್ಚಲಿನ ನಲ್ಲಿ 6 ಹೆಜ್ಜೆ ದೂರ. ಆ 6 ಹೆಜ್ಜೆಯಲ್ಲಿ ಉಳಿದ ಮಕ್ಕಳು ಕಣ್ಣಿಗೆ ಮರೆಯಾಗುತ್ತಾರೆ, ಅದಕ್ಕೇ ಅವರು ಅಡುಗೆಮನೆ ಬಿಟ್ಟು ಹೋಗುತ್ತಿರಲಿಲ್ಲ. ಅದು ಫಾರ್ಮ್‌ನಲ್ಲಿ ಎಲ್ಲೂ ಬರೆಯಲು ಜಾಗವಿಲ್ಲದ ಕಾರಣ. ಕೊನೆಗೆ ಡೈಪರ್ ಹಾಸನ್ನೇ ಬಚ್ಚಲಿನ ಬಾಗಿಲ ಹತ್ತಿರಕ್ಕೆ ಎಳೆದೆವು. ಅಲ್ಲಿಂದ ನಲ್ಲಿಯೂ ಕೈಗೆ ಸಿಗುತ್ತದೆ, ಮಕ್ಕಳೂ ಕಾಣುತ್ತಾರೆ.

ನೀಲಿ ಅಂಗಿಯ ಹುಡುಗನ ಕೋಣೆಗೆ ಕೆಲವು ತಿಂಗಳ ನಂತರ ಮತ್ತೆ ಹೋದೆ. ಎಲ್ಲರನ್ನೂ ಒಟ್ಟಿಗೆ ಎಬ್ಬಿಸುವುದನ್ನು ಟೀಚರ್ ನಿಲ್ಲಿಸಿದ್ದರು. ಇಬ್ಬಿಬ್ಬರನ್ನೇ ನಲ್ಲಿಗೆ ಕಳಿಸುತ್ತಿದ್ದರು, ಉಳಿದವರು ಆಡುತ್ತಲೇ ಇದ್ದರು. ಅವನ ಸರದಿ ಬಂದಾಗ ಟೈಮರ್ ಒತ್ತಿದೆ. 2 ನಿಮಿಷ. ಅದರಲ್ಲೂ ಅರ್ಧ ಹೊತ್ತು ಅವನು ಸೋಪಿನ ನೊರೆ ಊದುತ್ತಿದ್ದ.